ಉತ್ತಮ ಪುರುಷ, ಏಕವಚನ

ನಾನಿರುವ ಬಡಾವಣೆಯ ಹೆಸರು ಸನ್‌ಶೈನ್.
ಅಂದರೆ ಬಿಸಿಲು. ನಗಬೇಡಿ,
ಮೆಲ್ಬರ್ನಿನ ಜುಲೈ ತಿಂಗಳಲ್ಲಿ ಆ ಹೆಸರು ಹೊತ್ತು
ಸ್ಟೇಷನ್ನಿನ ಬೋರ್ಡೂ ನಡುಗುತ್ತಿರುತ್ತದೆ.

ಕೆಲಸ: ಫೋನಿನಲ್ಲಿ ದುಭಾಷಿ.
ಆ ತುದಿಯಲ್ಲಿ ಡಾಕ್ಟರು, ಈ ತುದಿಯಲ್ಲಿ ಕನ್ನಡದ ಒಂದು ಗಂಟಲು,
ನಡುವೆ ನಾನು, ಅಡುಗೆಮನೆಯ ಸ್ಟೂಲಿನ ಮೇಲೆ,
ಕಿವಿಗೆ ಹೆಡ್‌ಸೆಟ್, ಕಾಲಿಗೆ ಎರಡು ಜೊತೆ ಸಾಕ್ಸು.
ನಿಯಮ ಒಂದೇ: ಅವರು 'ನಾನು' ಅಂದರೆ ನಾನೂ 'ನಾನು' ಅನ್ನಬೇಕು.
'ಆಕೆ ಹೀಗನ್ನುತ್ತಾರೆ' ಅನ್ನುವಂತಿಲ್ಲ.

ಹಾಗಾಗಿ ಒಂಬತ್ತು ವರ್ಷದಲ್ಲಿ
ನನಗೆ ಮೂರು ಸಲ ಪಿತ್ತಕೋಶದಲ್ಲಿ ಕಲ್ಲಾಗಿದೆ,
ಅವಳಿ ಹೆತ್ತಿದ್ದೇನೆ, ಬಾಡಿಗೆ ಬಾಕಿ ಉಳಿಸಿಕೊಂಡಿದ್ದೇನೆ,
ಎಪ್ಪತ್ತೆರಡರ ಗಂಡಸಾಗಿ ಮೂತ್ರ ಕಟ್ಟಿ ಒದ್ದಾಡಿದ್ದೇನೆ.
ಬೆಳಗಾಗೆದ್ದು ಹಲ್ಲುಜ್ಜಲೂ ಆಗದೆ
ಬ್ರಷ್ಷನ್ನೇ ನೋಡುತ್ತ ಕೂತಿದ್ದೇನೆ.

ಈ ಕೊನೆಯದು ಕಲಬುರ್ಗಿ ಕಡೆಯ ಒಂದು ದನಿ.
"ಅಳೂ ಸುದ್ದಾ ಬರವಲ್ದರೀ ಡಾಕ್ಟರ,
ಎದಿಯಾಗ ಹಸಿ ಅರಿವಿ ತುರಕಿದಂಗ ಆಗೇದ."
ಹಸಿ ಅರಿವೆಯನ್ನು ಹಿಂಡದೆ ಇಂಗ್ಲಿಷಿಗೆ ದಾಟಿಸಿದೆ.
ಡಾಕ್ಟರು ಅದಕ್ಕೊಂದು ಹೆಸರಿಟ್ಟರು,
ನಾನು 'ಖಿನ್ನತೆ' ಅಂದೆ.
"ಹಂಗಂದ್ರೇನ್ರೀ?" ಅಂದಿತು ದನಿ.
ಇಸ್ತ್ರಿ ಹಾಕಿ ನಿಘಂಟಿನಲ್ಲಿ ಮಡಿಸಿಟ್ಟ ಪದ,
ಯಾರೂ ಉಟ್ಟುಕೊಂಡು ಮಲಗಿದ್ದಲ್ಲ.
ಕರೆ ಮುಗಿಸಿ ಬಚ್ಚಲಿಗೆ ಹೋದರೆ
ನನ್ನ ಬ್ರಷ್ಷು ಒಣಗಿತ್ತು.
ಎಷ್ಟು ದಿನದಿಂದಲೋ.

ಹ್ಯಾಂಪ್‌ಶೈರ್ ರೋಡಿನ ಕ್ಲಿನಿಕ್ಕಿಗೆ ಹೋದೆ.
ನಿದ್ದೆ ಹೇಗೆ? ಕೇಳಿದರು.
"ಆಕೆಗೆ ನಿದ್ದೆ ಬರುತ್ತಿಲ್ಲ" ಅಂದುಬಿಟ್ಟೆ.
"ಯಾರಿಗೆ?"
ಐದನೇ ಇಯತ್ತೆಯಲ್ಲಿ ಗುರುಸಿದ್ದವ್ವ ಟೀಚರು
ಬೆತ್ತ ಕುಟ್ಟಿ ಹೇಳಿಕೊಟ್ಟದ್ದು:
ನಾನು, ಉತ್ತಮ ಪುರುಷ. ಅವಳು, ಪ್ರಥಮ ಪುರುಷ.
ಎರಡು ಭಾಷೆ ಬಾಯಲ್ಲಿಟ್ಟುಕೊಂಡು
ಒಂದನ್ನೂ ನುಂಗಲಾಗದೆ, ಉಗುಳಲಾಗದೆ
ಚೀಲ ಎತ್ತಿಕೊಂಡು ಬಂದೆ.
ಮನೆಯಲ್ಲಿ ಮಲ್ಲಿನಾಥ ಕೇಳಿದ: ಬೀಪೀನಾ?
ಹೂಂ, ಬೀಪಿ.

ಇಡ್ಲಿ ಪಾತ್ರೆ ಮರಳಿಸಲು ನ್ಯುಂಗ್ ಬಂದಳು.
ವಿಯೆಟ್ನಾಮಿನವಳು, ಅವಳೂ ದುಭಾಷಿ;
ಅಕ್ಕಿಹಿಟ್ಟಿನ ಅದೇನೋ ಬೇಯಿಸಲು ಒಯ್ದಿದ್ದಳು.
ಬಾಗಿಲಲ್ಲಿ ನಿಂತವಳು ನನ್ನ ಮುಖ ನೋಡಿ
ಚಪ್ಪಲಿ ಬಿಚ್ಚಿದಳು.
"ಇಂಗ್ಲಿಷಿನಲ್ಲಿ ಬರುವುದಿಲ್ಲ" ಅಂದೆ.
"ನಿನ್ನದರಲ್ಲೇ ಹೇಳು."
"ನಿನಗೆ ತಿಳಿಯುವುದಿಲ್ಲ."
"ಅದಕ್ಕೇ ಹೇಳು."

ಹೇಳಿದೆ.
ಅಕ್ಕನ ಫೋನು ರಿಂಗಾಗಿ ಆಗಿ ಸುಮ್ಮನಾಗುವುದು.
ಮೊಸರು ಹುಳಿತದ್ದು, ಮೂರು ಡಬ್ಬಿ.
ರೈಲು ಬರುವಾಗ ಹಳದಿ ಗೆರೆಯಿಂದ ದೂರ
ಗೋಡೆಗೆ ಬೆನ್ನೊತ್ತಿ, ಬೇಕಂತಲೇ ಒತ್ತಿ, ನಿಲ್ಲುವುದು.
ಅದನ್ನು ಹೇಳುವಾಗ ಅವಳು ನನ್ನ ಮಣಿಕಟ್ಟು ಹಿಡಿದಳು.
ತಿಳಿಯದ ಭಾಷೆ, ಹೇಗೆ ತಿಳಿಯಿತೋ.

ನಲವತ್ತು ನಿಮಿಷ. ಚಹಾದ ಮೇಲೆ ಕೆನೆ ಕಟ್ಟಿತ್ತು.
"ಒಂದು ಪದ ಮತ್ತೆ ಮತ್ತೆ ಬಂತು" ಅಂದಳು,
ಕಸುಬಿನ ಕಿವಿ. "ಸಾಕು. ಏನದು?"
ತಟ್ಟೆಗೆ ಮತ್ತೆ ಬಡಿಸಬೇಡ ಅನ್ನುವಾಗಿನ ಮಾತು, ಅಂದೆ.
ಮತ್ತೆ, ತಡಿ, ಇನ್ನೊಂದಿದೆ:
ಬೆಕ್ಕಿನ ಮರಿಯನ್ನು, ಯಾರದೋ ಕೂಸನ್ನು
ಹಾಲುಣಿಸಿ ಸಾಕು ಅಂತಾರಲ್ಲ, ಅದೂ ಇದೇ.
"ನೀನು ಹೇಳಿದ್ದು ಯಾವುದು?"
ಮೊದಲನೆಯದು.
ಅವಳು ಎರಡನೆಯದರ ಬಗ್ಗೆ ಉಪದೇಶ ಮಾಡಲಿಲ್ಲ.
"ಗುರುವಾರ ಕ್ಲಿನಿಕ್ಕಿಗೆ ನಾನೂ ಬರುತ್ತೇನೆ" ಅಂದು
ಆರಿದ ಚಹಾ ಪೂರ್ತಿ ಕುಡಿದಳು.

ಗುರುವಾರ ಅವಳು ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದಳು.
"ನನಗೆ" ಅಂದೆ. ಡಾಕ್ಟರು ಕಾದರು.
"ನನಗೆ ನಿದ್ದೆ ಬರುತ್ತಿಲ್ಲ."

ಆ ರಾತ್ರಿ ಮಲ್ಲಿನಾಥನಿಗೆ ಹೇಳಿದೆ: ಬೀಪಿ ಅಲ್ಲ.
ಏನನ್ನಬೇಕೋ ಅವನಿಗೆ ತೋಚಲಿಲ್ಲ.
ಒಲೆ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.
ಬೆಳಿಗ್ಗೆ ನೋಡಿದರೆ ನನ್ನ ಬ್ರಷ್ಷಿಗೆ
ಪೇಸ್ಟು ಹಚ್ಚಿಟ್ಟು ಕೆಲಸಕ್ಕೆ ಹೋಗಿದ್ದ.

ಈಗಲೂ ಹಚ್ಚಿಡುತ್ತಾನೆ.
ಕೆಲವು ದಿನ ಅದು ಹಾಗೇ ಗಟ್ಟಿಯಾಗುತ್ತದೆ.