ಗೋಡೆಯಿಲ್ಲದ ಬಾಗಿಲು

ಹರಾಜಿನ ಪಟ್ಟಿಯಲ್ಲಿ ಹನ್ನೊಂದನೆಯ ಸಾಲು:
‘ಬಾಗಿಲು, ಮರದ್ದು, ಚೌಕಟ್ಟು ಸಮೇತ, ಗೋಡೆ ಇಲ್ಲ, ಒಂದು.’
ಗುಮಾಸ್ತನಿಗೇ ಅನುಮಾನ ಬಂದಿರಬೇಕು,
‘ಗೋಡೆ ಇಲ್ಲ’ದ ಕೆಳಗೆ ಗೀಟು ಎಳೆದಿದ್ದಾನೆ.

ಮುನ್ನೂರ ನಲವತ್ತು ಅಂದೆ. ಮೇಲೆ ಕೂಗುವವರಿರಲಿಲ್ಲ.
ಗುಜರಿಯವನು ಕಬ್ಬಿಣ ಎಷ್ಟಿದೆಯೆಂದು ಬಗ್ಗಿ ನೋಡಿ
ಟೇಪಿನ ಯಂತ್ರಗಳ ಕಡೆ ಹೋದ.

ಇದು ನಿಂತಿದ್ದದ್ದು ಎರಡನೇ ಸ್ಟುಡಿಯೋದ ನಟ್ಟನಡುವೆ.
ಅತ್ತ ನೆಲಹಾಸು, ಇತ್ತಲೂ ಅದೇ ನೆಲಹಾಸು.
ಒಂದೇ ಹಲಗೆಗೆ ಅಗುಳಿ, ಚಿಲಕ, ಸರಪಳಿ, ಬೀಗ.
ಬಷೀರ್ ಸಾಬರ ಕೈ ಯಾವುದನ್ನು ಮುಟ್ಟಿತೋ ಆ ಮನೆ:
ಶಾನುಭೋಗರದು, ಸೂಳೆಯದು, ಸೆರೆಯದು.

ಪೆನ್ಷನ್ ಮೊಹಲ್ಲಾದಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು,
ಕ್ಯಾರಿಯರಿನಲ್ಲಿ ಮೊರ, ಅರ್ಧ ಸೇರು ರಾಗಿ, ಎರಡು ಕರಟ.
ರಾಗಿ ಜಾಡಿಸಿದರೆ ಮಳೆ, ಕರಟ ಕುಟ್ಟಿದರೆ ದಂಡು.
ಯುದ್ಧದಲ್ಲಿ ಉರುಳಿದ ತಲೆಗಳೆಲ್ಲ ಹಾಸನದ ಆಲೂಗಡ್ಡೆ;
ಮುಗಿದ ಮೇಲೆ ಹಂಚಿಕೊಂಡು ಒಯ್ದು ಪಲ್ಯ ಮಾಡಿದೆವು.

ನಾನು ಬಿ ಗ್ರೇಡ್. ಹಗಲು ಸಹಕಾರ ಬ್ಯಾಂಕಿನಲ್ಲಿ ಟೈಪು.
ಗಂಟಲು ಒರಟೆಂದು ಇಪ್ಪತ್ತೆರಡಕ್ಕೇ ಅಜ್ಜಿಯ ಪಾತ್ರ,
ಇಪ್ಪತ್ತಾರು ವರ್ಷ ಅಜ್ಜಿಯಾಗಿಯೇ ಈ ಹೊಸಿಲು ದಾಟಿದೆ.
ಒಮ್ಮೆ ಹಾಲಿನಂಗಡಿಯಲ್ಲಿ ಅರ್ಧ ಲೀಟರ್ ಕೊಡಿ ಅಂದದ್ದೇ ತಡ
ಬೆನ್ನು ಮಾಡಿ ನಿಂತಿದ್ದ ಮುದುಕರೊಬ್ಬರು
‘ಕಾಲುನೋವು ಹೇಗಿದೆ ತಾಯಿ?’ ಎಂದು ತಿರುಗಿದರು.
(ಅದು ಹಿಂದಿನ ವಾರದ ನಾಟಕದ ಕಾಲು.)
ನನ್ನ ಜಡೆ ನೋಡಿ, ಬಹಳ ಹೊತ್ತು ಚಿಲ್ಲರೆ ಎಣಿಸಿದರು.

ಅರಕಲಗೂಡಿನ ಗೋದಾಮಿನ ಕಾವಲುಗಾರ ಬರೆದ ಕಾರ್ಡು ಇನ್ನೂ ಇದೆ:
‘ನೀವು ಕದ ತಟ್ಟಿದರೆ ನಮ್ಮ ನಾಯಿ ಎದ್ದು ನಿಲ್ಲುತ್ತೆ.
ದಯಮಾಡಿ ರಾತ್ರಿ ಜಾಸ್ತಿ ತಟ್ಟಬೇಡಿ. ನಾಟಕ ಚೆನ್ನಾಗಿದೆ.’

ಆಮೇಲೆ ವಾರಕ್ಕೊಂದು ಹೋಗಿ ತಿಂಗಳಿಗೊಂದು.
ಆಮೇಲೆ ಬೇರೆ ಊರಿನ ಟೇಪು. ಆಮೇಲೆ ಅದೇ ಟೇಪು.
ತೀರಿಹೋದವರು ಬುಧವಾರ ಬಂದು ನಕ್ಕು ಹೋಗುತ್ತಿದ್ದರು.

ಕೊನೆಯ ರೆಕಾರ್ಡಿಂಗಿನಲ್ಲಿ ‘ಬಾಗಿಲು ಮುಚ್ಚಿಕೊಳ್ಳುತ್ತದೆ’ ಎಂದಿತ್ತು.
ಸಾಬರು ಮುಚ್ಚಿದರು. ಮುಳ್ಳು ಅಲುಗಲಿಲ್ಲ ಎಂದ
ಗಾಜಿನಾಚೆಯ ಇಂಜಿನಿಯರು, ಇನ್ನೊಮ್ಮೆ ಮಾಡಿ ಅಂದ.
‘ಮುಚ್ಚಾಗಿದೆ ಸಾರ್’ ಅಂದರು, ಮೊರ ಎತ್ತಿಕೊಂಡರು.

ಸಾಲಗಾಮೆ ರಸ್ತೆಯಲ್ಲಿ ಗೂಡ್ಸ್ ಆಟೋ ಮೇಲೆ ನಿಂತುಕೊಂಡೇ ಬಂತು ಬಾಗಿಲು.
‘ಮನೆ ಕಟ್ಟಿಸ್ತಿದ್ದೀರಾ ಅಕ್ಕಾ?’
‘ಇಲ್ಲಪ್ಪ, ಹಳೇವು. ಒಂದು ನಾನ್ನೂರು ಮನೆ ಇರಬಹುದು.’
ಆಮೇಲೆ ಅವನು ಮಾತಾಡಲಿಲ್ಲ.

ಜೆರಾಕ್ಸ್ ಅಂಗಡಿಯ ಮೇಲೆ ಬಾಡಿಗೆ ಕೋಣೆ,
ಗೋಡೆಗೆಲ್ಲ ರಗ್ಗು, ಮೂವರು ಪಾಲಿಟೆಕ್ನಿಕ್ ಹುಡುಗಿಯರು, ಒಂದು ಫೋನು.
ಅವರ ನಾಟಕ ಕೇಳಿದವರು ನಲವತ್ತೊಂದು ಜನ,
ಅದರಲ್ಲಿ ಎರಡು ಸಲ ನಾನೇ.
ಡೇಟಾ ಮುಗಿದವರಿಗೆ ಏನು ಮಾಡ್ತೀರೇ ಅಂದೆ,
ಆ ಗೋದಾಮಿನವನಂಥವರಿಗೆ?
ಲಿಖಿತಾ ಉಗುರು ಕಚ್ಚಿದಳು. ನನಗೂ ಗೊತ್ತಿಲ್ಲದ್ದನ್ನೇ ಕೇಳಿದ್ದೆ.

‘ಬಾಗಿಲ ಸದ್ದು ನೆಟ್ಟಿನಲ್ಲಿ ಬಿಟ್ಟಿ ಸಿಗುತ್ತೆ ಆಂಟಿ, ಸಾವಿರಗಟ್ಟಲೆ.
ಆದರೆ ಎಲ್ಲಾ ಬೇರೆಯವರ ಮನೇವು.
ತೆಗೆದರೆ ಆಚೆ ಹಿಮ ಬೀಳ್ತಿರೋದು ಕೇಳಿಸುತ್ತೆ.’

ಎದ್ದುಹೋಗಿ ಸರಪಳಿಯನ್ನು ಎರಡು ಸಲ ಬಡಿದಳು.
‘ಯಾರಪ್ಪಾ ಅದೂ?’ ಅಂದೆ, ಅಭ್ಯಾಸಬಲ;
ಗಂಟಲನ್ನೇನೂ ಮಾಡಿಕೊಳ್ಳಬೇಕಾಗಲಿಲ್ಲ.
ಮುಂದಿನ ಮಾತು ಅವಳಿನ್ನೂ ಬರೆದಿರಲಿಲ್ಲ.
ಫೋನಿನ ಕೆಂಪು ಚುಕ್ಕಿ ಉರಿಯುತ್ತಲೇ ಇತ್ತು.
ಕೆಳಗಿನ ಜೆರಾಕ್ಸ್ ಮಿಷನ್ನು ಕೇಳಿಸುತ್ತಿದೆ ಅಂದೆ, ಮೆಲ್ಲಗೆ.
ಇರಲಿ ಅಂದಳು.