ದೀಪಕ್ಕೆ ಟೋಪಿ

ಕಂಪ್ಲೇಂಟ್ ಪುಸ್ತಕದಲ್ಲಿ ಬರೆದದ್ದು ಇಷ್ಟೇ:
'ಸರ್ಕಲ್ಲಿನ ಹೈಮಾಸ್ಟ್ ಕೆಟ್ಟು ಮೂರು ದಿನ.'
ಬರೆದವಳು ಅಂಗನವಾಡಿಯ ಪಾಲಮ್ಮ,
ಅಕ್ಷರ ಗುಂಡಗೆ, ಸಿಟ್ಟು ನೆಟ್ಟಗೆ.

ಜಗಳೂರಿನಿಂದ ಬೈಕಿನಲ್ಲಿ ಬಂದು ಕಂಬದ ಬುಡಕ್ಕೆ ನಿಂತಾಗ
ಯುಗಾದಿ ಅಮಾವಾಸ್ಯೆ, ಹೊತ್ತು ಮುಳುಗಿ ಎಷ್ಟೋ ಹೊತ್ತು.
ಕತ್ತೆತ್ತಿದೆ.
ಹನ್ನೊಂದು ವರ್ಷದ ಲೈನ್‌ಮನ್ ಕೆಲಸದಲ್ಲಿ
ಕತ್ತೆತ್ತಿದ್ದೆಲ್ಲ ತಂತಿ ನೋಡಲಿಕ್ಕೆ.
ತಂತಿಯಾಚೆ ಇಷ್ಟೊಂದು ಇದೆಯೆಂದು
ಯಾವ ಟ್ರೇನಿಂಗಿನಲ್ಲೂ ಹೇಳಿರಲಿಲ್ಲ.

ನಾಲ್ಕು ಚುಕ್ಕಿಯ ಮುದುಕಿಯ ಮಂಚ,
ಅದರ ಕಾಲು ಕದಿಯಲು ಬಂದ ಮೂವರು ಕಳ್ಳರು.
ಮಾಳಿಗೆ ಮೇಲೆ ಮಲಗಿ ಅವ್ವ ತೋರಿಸುತ್ತಿದ್ದಳು.
ಅವರಿನ್ನೂ ಕದ್ದಿಲ್ಲ. ಮುದುಕಿಗಿನ್ನೂ ನಿದ್ದೆ ಹತ್ತಿಲ್ಲ.
ನಾನೇ ಇರಬೇಕು,
ಒಂದು ಸ್ವಿಚ್ಚಿಗೆ ಇಡೀ ಮಂಚವನ್ನೇ
ಎತ್ತಿಕೊಂಡು ಹೋದ ಕಳ್ಳ.

'ಬಾರಪ್ಪ, ಒಂದೀಟು ಅಡ್ಡಾಡ್ಕೊಂಡು ಬರಾಣ'
ಅಂದ, ರಂಗಯ್ಯನದುರ್ಗದ ಕಾಡು ಕಾಯುವ ಓಬಯ್ಯ.
ಟಾರ್ಚು ತೆಗೆದೆ; ಇಸಕೊಂಡು ಜೇಬಿಗಿಟ್ಟ.
'ಕತ್ತಲು ಕಣ್ಣಿಗೆ ಒಗ್ಗಬೇಕು. ಅದಕ್ಕೂ ಟೈಮ್ ಬೇಕು,
ಮುದ್ದೆ ಬೇಯೋ ಅಷ್ಟು.'

ಮುದ್ದೆ ಬೆಂದಿತು.
ಮೊದಲು ಬಿಳಿ ಕಲ್ಲು ಕಂಡವು, ಆಮೇಲೆ ದಾರಿ,
ಆಮೇಲೆ ದಾರಿಯ ಮೇಲೇ ಕೂತ ನತ್ತಿಂಗ.
ಕಲ್ಲೇ ಎದ್ದು ಹಾರಿದ ಹಾಗೆ ಹಾರಿತು.
ಕಾರೆ ಪೊದೆಯೊಳಗೆ ಯಾರೋ ಉಸಿರು ಬಿಟ್ಟರು.
'ಕೊಂಡುಕುರಿ' ಅಂದ ಓಬಯ್ಯ, ತುಟಿಯಲ್ಲೇ.
ನಾಲ್ಕು ಕೊಂಬಿನ ಪ್ರಾಣಿ, ಒಂದು ಕೊಂಬೂ ಕಾಣಲಿಲ್ಲ ನನಗೆ.
ಅದಕ್ಕೆ ಮಾತ್ರ ನಾನು ಪೂರಾ ಕಂಡಿದ್ದೆ.

ಹಿಂದಕ್ಕೆ ಬಂದು ಪಾಲಮ್ಮನ ಕಟ್ಟೆಯಲ್ಲಿ ಕೂತು
ಚುಕ್ಕಿಯ ಮಾತೆತ್ತಿದರೆ ಆಕೆ ಸೀದಾ ಕೇಳಿದಳು:
'ಚುಕ್ಕಿ ಬೆಳಕಲ್ಲಿ ಹಾವು ಕಾಣ್ತೈತೇನಪ್ಪ?
ನಿನ್ನ ಹೆಂಡ್ತಿ ರಾತ್ರಿ ಬಯಲಿಗೆ ಹೋಗೋಳಾಗಿದ್ರೆ
ಹಿಂಗೆ ಮಾತಾಡ್ತಿದ್ದೇನು?'
ನನ್ನ ಹತ್ತಿರ ಉತ್ತರ ಇರಲಿಲ್ಲ.
ಕಟಿಂಗ್ ಪ್ಲೇಯರ್ ಇತ್ತು.

ಮರುದಿನ ದಾವಣಗೆರೆಯ ಗುಜರಿಯಿಂದ
ಬೆಣ್ಣೆದೋಸೆ ಹೋಟೆಲಿನವರು ಎಸೆದ ಎಣ್ಣೆ ಡಬ್ಬ ನಾಲ್ಕು ತಂದೆ.
ಕತ್ತರಿಸಿ, ಬಗ್ಗಿಸಿ, ಒಳಮೈಗೆ ಸುಣ್ಣ ಬಳಿದು,
ರಾಟೆ ತಿರುವಿ ದೀಪದ ಬಳೆ ಕೆಳಗಿಳಿಸಿ
ಒಂದೊಂದಕ್ಕೂ ಬಿಗಿದೆ.
ಕಾಡಿನ ಕಡೆಯ ಎರಡರ ವೈರು ಬಿಚ್ಚಿದೆ.
(ಮೇಲಿನವರು ಓದುತ್ತಿದ್ದರೆ: ಅವು ತಾವಾಗಿಯೇ ಸುಟ್ಟವು.)

ಸ್ವಿಚ್ ಒತ್ತಿದೆ. ಬೆಳಕು
ನೆಲಕ್ಕೆ ಬಿತ್ತು, ಬಿದ್ದಲ್ಲೇ ಕೂತಿತು.
ಪಾಲಮ್ಮ ಬಂದು ದಾರಿ ನೋಡಿದಳು, ಮೋರಿ ನೋಡಿದಳು,
ಕಾಲಬುಡದ ಇರುವೆ ಸಾಲು ನೋಡಿದಳು,
ಆಮೇಲೆ ಮೇಲೆ.
'ಇದೇನೋ ಇದು, ದೀಪಕ್ಕೆ ಟೋಪಿ ಹಾಕಿದೀಯ?'
'ಇಷ್ಟು ವರ್ಷ ಅದೇ ನಮಗೆ ಹಾಕಿತ್ತಲ್ಲಕ್ಕ' ಅಂದೆ.

ನಗಲಿಲ್ಲ ಆಕೆ. ಕಂಬದ ಬೆಳಕಿಗೆ ಅಂಗೈ ಮರೆ ಮಾಡಿ
ಬಹಳ ಹೊತ್ತು ಏನೋ ಎಣಿಸುತ್ತಿದ್ದಳು.

ಪುಸ್ತಕದಲ್ಲಿ ಬರೆದೆ: 'ಸರಿಪಡಿಸಲಾಗಿದೆ.'
ಡಬ್ಬದ ಅಂಚಿನಾಚೆ, ಮುದುಕಿಯ ಮಂಚದ ಒಂದು ಕಾಲು
ಸ್ವಲ್ಪ ಅಲುಗಿದಂತೆ ಕಂಡಿತು.