ಸಹಿಯ ಜಾಗ

ಅಡುಗೆಮನೆಯ ಮೇಜಿನ ಮೇಲೆ ಎರಡು ದಾರಿ.
ಹಾರಿಹೋಗದಿರಲೆಂದು ಒಂದರ ಮೇಲೆ ಉಪ್ಪಿನ ಡಬ್ಬಿ,
ಇನ್ನೊಂದರ ಮೇಲೆ ಓಸ್ಲಾಳ ಒದ್ದೆ ಕೈಗವಸು.
ಶೆಟ್‌ಲೆಂಡಿನಲ್ಲಿ ಕಿಟಕಿ ಮುಚ್ಚಿದರೂ
ಗಾಳಿ ಮನೆಯವರಲ್ಲೊಬ್ಬ.

ಮೊದಲನೆಯದು ನುಣುಪು ಕಾಗದ.
ಸ್ಪೇನಿನ ಬಿಸಿಲು, ಬಿಳಿ ಅಂಗಿ, ಹೆಗಲಿಗೆ ಪಟ್ಟಿ,
ನಗುವ ಆರು ಜನ, ಯಾರ ಕೂದಲೂ ಕೆದರಿಲ್ಲ.
ಒಂದೇ ಶಾಲೆ, ಹದಿನೆಂಟು ತಿಂಗಳು,
ಈ ಬಾಗಿಲಲ್ಲಿ ಹೊಕ್ಕರೆ ಆ ಬಾಗಿಲಲ್ಲಿ ಪೈಲಟ್.
ಕೊನೆಯ ಪುಟದಲ್ಲಿ, ಇರುವೆಯಂಥ ಅಕ್ಷರದಲ್ಲಿ
ನಮ್ಮ ಮನೆಯ ಬೆಲೆ.
ಅವರು ನಮ್ಮ ಮನೆ ನೋಡಿಲ್ಲ. ಮೊತ್ತ ಮಾತ್ರ ಅಳೆದಿಟ್ಟ ಹಾಗಿದೆ.

ಎರಡನೆಯದು ಮೀನಿನ ಕಾರ್ಖಾನೆಯ ರಸೀದಿಯ ಬೆನ್ನು.
ಟಿಂಗ್‌ವಾಲ್‌ನಲ್ಲಿ ಹಾರಲು ಕಲಿಸುವ ಥೋರಾ ಮುದುಕಿ
ಪೆನ್ಸಿಲಿನಲ್ಲಿ ಬರೆದುಕೊಟ್ಟದ್ದು:
ಮೊದಲು ವೈದ್ಯರು. ಕಣ್ಣು, ಕಿವಿ, ಎದೆ.
ಅದು ದಾಟುವ ತನಕ ಒಂದು ಪೌಂಡೂ ಬಿಚ್ಚಬೇಡ.
ಆಮೇಲೆ ಖಾಸಗಿ ಲೈಸೆನ್ಸ್. ಆಮೇಲೆ ಗಂಟೆಗಳು, ಗಂಟೆಗಳು.
ಓದು ಮನೆಯಲ್ಲೇ, ಹದಿಮೂರು ಪರೀಕ್ಷೆ.
ಆಮೇಲೆ ಎರಡು ಎಂಜಿನ್ನು,
ಮೋಡದೊಳಗೆ ಬರೀ ಮುಳ್ಳು ನೋಡಿ ಹಾರುವುದು.
ದುಡ್ಡಿದ್ದಾಗ ಹಾರು, ಇಲ್ಲದಾಗ ಮೀನು ಕೊಯ್ಯಿ.
ಎಷ್ಟು ವರ್ಷ ಎಂಬಲ್ಲಿ ಏನೂ ಬರೆದಿಲ್ಲ,
ಪೆನ್ಸಿಲ್ಲು ಒತ್ತಿ ನಿಂತ ಒಂದು ಚುಕ್ಕಿ.

ನನ್ನಕ್ಕನ ಮಗ ಗಿಬ್ಬಿ ನುಣುಪು ದಾರಿ ಹಿಡಿದಿದ್ದ.
ಹನ್ನೊಂದನೆಯ ತಿಂಗಳಿಗೆ ಶಾಲೆಗೇ ಬೀಗ.
ಈಗ ಬಂದರಿನಲ್ಲಿ ಫೋರ್ಕ್‌ಲಿಫ್ಟ್ ನಡೆಸುತ್ತಾನೆ;
ಚಾವಿ ತಿರುಗಿಸುವ ಮುನ್ನ ಇಂದಿಗೂ
ಬಾಯೊಳಗೇ ಏನೋ ಪಠಿಸುತ್ತಾನೆ, ವಿಮಾನದ ತಪಾಸಣೆ ಪಟ್ಟಿ.
ಆದರೆ ಅದೇ ವರ್ಷ ಬೇರೆ ಶಾಲೆ ಸೇರಿದ ಅನ್‌ಸ್ಟ್ ದ್ವೀಪದ ಹುಡುಗಿ
ಹೋದ ವಾರ ನಮ್ಮ ತಲೆ ಮೇಲೆ ಹಾದುಹೋದಳು,
ನೂರೆಂಬತ್ತು ಜನರನ್ನು ಹೊತ್ತು.
ಹಾಗಾಗಿ ಇದಕ್ಕೆ ಗಾದೆ ಕಟ್ಟಲು ಬರುವುದಿಲ್ಲ.

ನಾನು ಫೆರ್ರಿಯವನು. ಹಗ್ಗ ಎಸೆಯಲು ಸೇರಿದೆ,
ಮೂರು ಚಳಿಗಾಲ ಹಗ್ಗವೇ.
ಹನಿಹನಿಗೂಡಿದರೆ ಹಳ್ಳ, ನಿಜ.
ಹನಿ ಎಣಿಸುವವಳ ವಯಸ್ಸೂ ಕೂಡುತ್ತ ಹೋಗುತ್ತದೆ,
ಅದೂ ನಿಜ.

ಮಂಗಳವಾರ ರಾತ್ರಿ ಹೇಳಿದೆ: ತಾ, ಸಾಲಕ್ಕೆ ಸಹಿ ಹಾಕುತ್ತೇನೆ.
ಮಿಮಾ ಕೆಟಲ್ ಇಳಿಸಿ ಸುಮ್ಮನೆ ನಿಂತಳು.
ಸಹಿಯ ಜಾಗ ತೋರಿಸಲು
ಯಾರೋ ಹಳದಿ ಬಾಣದ ಚೀಟಿ ಅಂಟಿಸಿದ್ದರು.
ಪೆನ್ನು ಅಲ್ಲಿಗೆ ಹೋಯಿತು. ಕೈ ನಿಂತಿತು.
ಒಂದು ಉಸಿರು; ಹೆಚ್ಚೆಂದರೆ ಎರಡು.
ಚಳಿಗೆ ಮರಗಟ್ಟಿದ ಬೆರಳೆಂದುಕೊಳ್ಳಬಹುದಿತ್ತು ಯಾರಾದರೂ.
ಓಸ್ಲಾ ಯಾರಾದರೂ ಅಲ್ಲ.

‘ಬೇಡಪ್ಪ’ ಎಂದಳು. ‘ನನಗೆ ಥೋರಾಳದ್ದೇ ಸರಿ.
ಈ ಅಡ್ಡಗಾಳಿಯಲ್ಲಿ ಇಳಿಸಲು ಕಲಿತರೆ
ಎಲ್ಲಿ ಬೇಕಾದರೂ ಇಳಿಸಿಯೇನು.’
ಒಳ್ಳೆಯ ಮಾತು. ಮೊದಲೇ ಮಡಿಸಿಟ್ಟ ಮಾತಿನ ಹಾಗಿತ್ತು.
ಅಥವಾ ಆ ಎರಡು ಉಸಿರಿನಲ್ಲಿ ಹೊಲಿದದ್ದೋ.
ಕೇಳಲಿಲ್ಲ.
ಕೇಳಿದರೆ ಹೇಳಿಬಿಡುತ್ತಾಳೆ.

ಆಬರ್ಡೀನಿನ ವೈದ್ಯರು ಕಣ್ಣು, ಕಿವಿ, ಎದೆ ಒಪ್ಪಿದರು.
ಇವತ್ತು ಮೊದಲ ಪಾಠ. ಬೇಲಿಯಾಚೆ ನಿಂತಿದ್ದೆ.
ಇಳಿಯಲು ಬಂದ ವಿಮಾನ
ಚಕ್ರ ಇನ್ನೇನು ನೆಲ ಮುಟ್ಟಬೇಕು, ಮತ್ತೆ ಏರಿತು:
ರನ್‌ವೇ ಮೇಲೆ ಕುರಿ.
ಥೋರಾ ಬೈದದ್ದು ಬೇಲಿಯ ತನಕ ಕೇಳುವುದು ಸಾಧ್ಯವಿಲ್ಲ,
ಆದರೆ ಕೇಳಿಸಿತು.
ಎರಡನೆಯ ಸುತ್ತಿಗೆ ಇಳಿದರು.

ಈಗ ಅವಳು ರಾತ್ರಿ ಪಾಳಿಗೆ ಹೋಗಿದ್ದಾಳೆ.
ಮೇಜಿನ ಮೇಲೆ ಹೊಸ ಲಾಗ್‌ಬುಕ್, ಬರೆದದ್ದು ಒಂದೇ ಸಾಲು:
ಐವತ್ತು ನಿಮಿಷ.
ಪಕ್ಕದಲ್ಲಿ ಥೋರಾಳ ಸಹಿ,
ಸರಕ್ಕನೆ ಎಳೆದದ್ದು, ಎಲ್ಲೂ ನಿಲ್ಲದ್ದು.
ಪುಟಕ್ಕೆ ಒಂದು ಮೀನಿನ ಹುರುಪೆ ಅಂಟಿದೆ.
ಉಗುರಿನಿಂದ ಎಬ್ಬಿಸಲು ಹೋದೆ, ಬಿಟ್ಟೆ.

ಆ ಕಾಗದದ ಮೇಲಿಂದ ಉಪ್ಪಿನ ಡಬ್ಬಿ ತೆಗೆದೆ.
ಇಷ್ಟು ಗಾಳಿಯಿರುವ ಮನೆಯಲ್ಲಿ
ಅದು ಅಲ್ಲೇ ಇದೆ, ಹಾರಲಿಲ್ಲ.